ಸೀಲಿಗಿಂತ ಮೊದಲು

ಹೈದರಾಬಾದಿನ ಮನೆಯಲ್ಲಿ ಎರಡು ತಿಂಗಳು ರಜೆ ಕಳೆದು ಮತ್ತೆ ಕೆಲಸಕ್ಕೆ ಉಗಾಂಡದ ಕಂಪಾಲಾ ಸೇರಿದೆ. ಐಟಿ ಕಂಪನಿಗಳು ಬಂದ ಮೇಲೆ ಹೈದರಾಬಾದಿನಲ್ಲಿ ಯಾರಿಗೂ ಪುರುಸೊತ್ತಿಲ್ಲ. ಕೌಂಟರಿನಲ್ಲಿ ಕಾಗದ ನೂಕಿ ಬೇಕಾದ್ದು ಹೇಳಿದರೆ ಮುಗಿಯಿತು. ನನಗೂ ಅದೇ ಹಿತ.

ಕಂಪಾಲಾದಲ್ಲಿ ನನ್ನ ಕೆಲಸದ ಪರವಾನಗಿ ನವೀಕರಿಸಲು ನಾನು ತಲುಪಿದ ದಿನವೇ ಕೊನೆಯ ದಿನ. ಸೀಲು ಬೀಳದಿದ್ದರೆ ಕೆಲಸ ಹೋದಂತೆ. ಪರವಾನಗಿಯ ಹಳೆಯ ಕಚೇರಿ ಕೆಡವಿ ಮಾಲ್ ಕಟ್ಟುತ್ತಿದ್ದರು. ಹೊಸದನ್ನು ಹುಡುಕುವಷ್ಟರಲ್ಲಿ ಮಧ್ಯಾಹ್ನವಾಯಿತು.

ಕಾಗದ ಮುಂದಿಟ್ಟು "ಸೀಲು" ಎಂದೆ.

ಕೌಂಟರಿನಲ್ಲಿದ್ದ ಹಳೆಯ ಪರಿಚಯದ ಹೆಂಗಸು ಅದನ್ನು ಮುಟ್ಟಲಿಲ್ಲ. "ಊರಿಗೆ ಹೋಗಿ ಮಾತಾಡಿಸೋದು ಮರೆತು ಬಂದಿರಾ, ಯಜಮಾನರೇ?"

ಅಲ್ಲಿನ ಪದ್ಧತಿ ನೆನಪಾಯಿತು: ಮೊದಲು ಕ್ಷೇಮ, ಆಮೇಲೆ ಕೆಲಸ. ಹೇಗಿದ್ದೀರಿ ಎಂದು ಕೇಳಿದೆ. ಅವಳು ತನ್ನ ತಾಯಿಯ ಮೊಣಕಾಲು ನೋವಿನವರೆಗೂ ಹೇಳಿದಳು.

"ನಿಮ್ಮ ಹೆಂಡತಿ?"

"ಹೈದರಾಬಾದಿನಲ್ಲಿದ್ದಾಳೆ."

"ಎಲ್ಲಿ ಅಂತಲ್ಲ, ಹೇಗಿದ್ದಾರೆ?"

ಎರಡು ತಿಂಗಳು ಜೊತೆಗಿದ್ದೂ ನಾನು ಅದನ್ನು ಕೇಳಿರಲಿಲ್ಲ. "ಚೆನ್ನಾಗಿದ್ದಾಳೆ" ಎಂದೆ. ಸೀಲು ಬಿತ್ತು.

ಸಂಜೆ ಮನೆಗೆ ಫೋನ್ ಮಾಡಿ, "ಹೆಂಗದೀ?" ಎಂದೆ.

ಹೆಂಡತಿ ಗಾಬರಿಯಾದಳು. "ಯಾಕ್ರಿ, ಏನಾತು? ಕೆಲಸದಾಗಿಂದ ತೆಗೆದ್ರೇನು?"

ತೆಗೆದಿಲ್ಲ ಎಂದು ನಂಬಿಸುವಷ್ಟರಲ್ಲಿ ಫೋನ್ ಕಾರ್ಡು ಮುಗಿಯಿತು. ಹೇಗಿದ್ದಾಳೆಂದು ಅಂದೂ ತಿಳಿಯಲಿಲ್ಲ.