ಅವ್ವನಿಗೆ ಓದಿ ಹೇಳಿದ ಕಂದಕ

ನಮ್ಮ ದಾಂಡೇಲಿಯ ಭಾನುವಾರದ ಸಿನಿಮಾಕ್ಕೆ ಬರುವವರಲ್ಲಿ ಅರ್ಧ ಜನ ನನ್ನ ದನಿ ಕೇಳಲು ಬರುತ್ತಿದ್ದರು. ಜಂಬಕ್ಕೆ ಹೇಳುತ್ತಿಲ್ಲ. ಎಲ್ಲ ಪರದೇಶದ ಹಳೆಯ ಚಿತ್ರಗಳು, ಕೆಳಗೆ ಇಂಗ್ಲಿಷ್ ಅಕ್ಷರ ಓಡುತ್ತವೆ. ಕಾಗದದ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದ ಧಾರವಾಡ, ಬೆಳಗಾವಿ ಕಡೆಯ ಗಂಡಸರಿಗೂ ಅವರ ಹೆಂಡಂದಿರಿಗೂ ಅದು ಓಡಿದಷ್ಟು ಬೇಗ ಓದಲು ಎಲ್ಲಿ ಬರುತ್ತದೆ? ಹಾಗಾಗಿ ನಾನು ಪರದೆಯ ಪಕ್ಕ ಕುರ್ಚಿ ಹಾಕಿಕೊಂಡು, ಅಕ್ಷರ ಮೂಡಿದ ಹಾಗೆ ಕನ್ನಡದಲ್ಲಿ ಗಟ್ಟಿಯಾಗಿ ಹೇಳುತ್ತಿದ್ದೆ. ಮೂವತ್ತು ವರ್ಷ ಶಾಲೆಯಲ್ಲಿ ಇಂಗ್ಲಿಷ್ ಕಲಿಸಿದ ಗಂಟಲು ನನ್ನದು. ಚಿತ್ರವನ್ನು ಮೊದಲೇ ನೋಡಿಕೊಂಡು ಬರುತ್ತಿರಲಿಲ್ಲ. ನೋಡಿದರೆ ದನಿಯ ಹುರುಪು ಹೋಗಿ ಪಾಠ ಒಪ್ಪಿಸಿದಂತಾಗುತ್ತದೆ ಎಂಬುದು ನನ್ನ ಹಟ. ಆ ಹಟಕ್ಕಿಷ್ಟು ಬೆಂಕಿ ಬೀಳಲಿ.

ಹೋದ ವರ್ಷ ಮಳೆಗಾಲ ಮುಗಿದ ಮೇಲೆ, ಚಿತ್ರ ತರಿಸುವ ಮೇಷ್ಟ್ರು ಯುದ್ಧವನ್ನು ವಿರೋಧಿಸುವ ಚಿತ್ರಗಳ ಸಾಲು ಶುರು ಮಾಡಿದರು. ಮೊದಲನೆಯ ಮಹಾಯುದ್ಧದ ಕಂದಕಗಳ ಕತೆಗಳು. ನಮ್ಮ ಕಡೆಯ ಯುದ್ಧದ ಸಿನಿಮಾ ನೋಡಿ ಬೆಳೆದ ನಾನು ನಾಯಕ ಎಲ್ಲಿದ್ದಾನೆ ಎಂದು ಹುಡುಕುವುದರಲ್ಲೇ ಮೊದಲ ಚಿತ್ರ ಮುಗಿದುಹೋಯಿತು. ಎಲ್ಲರ ಮುಖಕ್ಕೂ ಒಂದೇ ಕೆಸರು. ಕ್ಯಾಮೆರಾ ಮೇಲೆ ನಿಂತು ನೋಡುವುದಿಲ್ಲ, ಕಂದಕದೊಳಗೇ ಇಳಿದು ಸೈನಿಕರ ಭುಜದ ಮಟ್ಟದಲ್ಲಿ ಎರಡು ಮಣ್ಣಿನ ಗೋಡೆಗಳ ನಡುವೆ ನಡೆಯುತ್ತದೆ. ಆಕಾಶ ಸೀರೆಯ ಅಂಚಿನಷ್ಟು. ಹಾಡಿಲ್ಲ, ಬಾವುಟವಿಲ್ಲ, ಶತ್ರುವಿನ ಮುಖವೇ ಕಾಣುವುದಿಲ್ಲ. ಮೊಣಕಾಲುದ್ದ ನೀರಿನಲ್ಲಿ ನಿಲ್ಲುವುದು, ಇಲಿಗಳಿಂದ ರೊಟ್ಟಿ ಕಾಪಾಡುವುದು, ಹೇನು ಕುಕ್ಕುವುದು, ಕಾಯುವುದು. ಕೊನೆಗೆ ಅಧಿಕಾರಿ ಗಡಿಯಾರ ನೋಡಿ ಸೀಟಿ ಊದುತ್ತಾನೆ. ಜನ ಏಣಿ ಹತ್ತುತ್ತಾರೆ, ಹತ್ತಿದ ಹಾಗೇ ಹಿಂದಕ್ಕೆ ಬೀಳುತ್ತಾರೆ. ನನಗೆ ಬೆವರು ಬಂದದ್ದು ಗುಂಡಿನ ಸದ್ದಿಗಲ್ಲ, ಸೀಟಿಗೆ ಮುಂಚಿನ ಆ ಒಂದು ನಿಮಿಷಕ್ಕೆ. ಮೇಜಿನ ಮೇಲೆ ನಕ್ಷೆ ಹರವಿಕೊಂಡು, ಕೋಳಿ ತಿನ್ನುತ್ತಾ ಆ ಸೀಟಿಗೆ ಹೊತ್ತು ಗೊತ್ತು ಮಾಡಿದವರನ್ನೂ ಆ ಚಿತ್ರ ಬಿಡದೆ ತೋರಿಸಿತ್ತು.

ಎರಡನೆಯ ಭಾನುವಾರ ಮುಗಿದ ಮೇಲೆ ಪಕ್ಕದ ಮನೆಯ ಅವ್ವ ಕೇಳಿದಳು, “ಟೀಚರ್, ಸಿಪಾಯಿಗಳು ಕಾವಲು ನಿಲ್ಲೂ ಮೋರ್ಚಾ ತೋರಸ್ತಾರಂತಲ್ಲ, ಖರೇನ? ನನ್ನ ಮಗ ನಿಂತಿದ್ದ ಜಾಗ ಹೆಂಗಿತ್ತು ಅಂತ ಒಮ್ಮೆ ನೋಡಬೇಕಾಗೈತಿ.”

ಅವ್ವ ಹಳಿಯಾಳ ಕಡೆಯವಳು. ಒಬ್ಬನೇ ಮಗ. ನಮ್ಮವರು, ಅಂದರೆ ನನ್ನ ಗಂಡ, ಆಗ ಸೈನ್ಯದಲ್ಲಿದ್ದರು. ಅವರನ್ನು ನೋಡಿಯೇ ಇವನೂ ಸೇರಿದ್ದ, ಅವರ ತುಕಡಿಗೇ ಹೋದ, ಗಡಿಯ ಬೆಟ್ಟದ ಮೇಲೆ ಅವರ ಜೊತೆಯಲ್ಲಿದ್ದಾಗಲೇ ಸತ್ತ. ಹದಿನೇಳು ವರ್ಷವಾಯಿತು. ಆಗ ನಮ್ಮವರು ಅಲ್ಲಿಂದ ನನಗೊಂದು ಪತ್ರ ಬರೆದು, ಅವ್ವನಿಗೆ ನೀನೇ ಓದಿ ಹೇಳು ಎಂದಿದ್ದರು. ಅವ್ವನಿಗೆ ಅಕ್ಷರ ಬರುವುದಿಲ್ಲ. “ಅವನಿಗೆ ಏನೂ ನೋವಾಗಲಿಲ್ಲ. ತಿಳಿಯುವಷ್ಟರಲ್ಲಿ ಎಲ್ಲ ಮುಗಿದಿತ್ತು.” ಇದೇ ಅದರ ತಿರುಳು. ಪ್ರತಿ ವರ್ಷ ಅದೇ ದಿನ, ಮಗನ ಫೋಟೋಕ್ಕೆ ಎಡೆ ಹಿಡಿದಾದ ಮೇಲೆ, ಅವ್ವ ಆ ಪತ್ರವನ್ನು ನನ್ನಿಂದ ಓದಿಸುತ್ತಿದ್ದಳು. ಕೇಳಿ, ತಲೆಯಾಡಿಸಿ, ಆಮೇಲೆ ಊಟಕ್ಕೆ ಬಡಿಸುತ್ತಿದ್ದಳು.

ಅವಳನ್ನು ಸಿನಿಮಾಕ್ಕೆ ಕರೆದೊಯ್ಯುತ್ತೇನೆ ಎಂದಾಗ ನಮ್ಮವರು, “ಆಕಿನ್ನ ಕರಕೊಂಡು ಹೋಗಬ್ಯಾಡ” ಎಂದರು. ಯಾಕೆ ಎಂದರೆ ಚಪ್ಪಲಿ ಮೆಟ್ಟಿ ಹೊರಗೆ ನಡೆದರು. ಮಾತು ಬಲ್ಲವನಿಗೆ ಜಗಳವಿಲ್ಲ ಎನ್ನುತ್ತಾರೆ. ನಮ್ಮವರು ಮಾತೇ ಆಡದೆ ಜಗಳ ತಪ್ಪಿಸಿಕೊಂಡು ಬಂದವರು. ಮೋರ್ಚಾದ ಬಗ್ಗೆ ಕೇಳಿದರೆ ಅಲ್ಲಿ ಚಪಾತಿ ಸುಟ್ಟ ಕತೆ, ಇಸ್ಪೀಟು ಆಡಿದ ಕತೆ ಹೇಳಿ ನಗಿಸುತ್ತಿದ್ದರು. ಯುದ್ಧದ ಸಿನಿಮಾ ಇದ್ದಲ್ಲಿಗೆ ಮಾತ್ರ ಕಾಲಿಡುತ್ತಿರಲಿಲ್ಲ. ಜಾಣೆಯಾದವಳಿಗೆ ಅಷ್ಟು ಸಾಕಿತ್ತು. ನನಗೆ ಸಾಕಾಗಲಿಲ್ಲ.

ಮೂರನೆಯ ಭಾನುವಾರ ಮಧ್ಯಾಹ್ನ ಅವ್ವ ಇಳಕಲ್ ಸೀರೆ ಉಟ್ಟು ಮೊದಲ ಸಾಲಿನಲ್ಲಿ ಕೂತಳು. ಕಂದಕ ಬಂದ ಕೂಡಲೇ ಮುಂದಕ್ಕೆ ಬಾಗಿದಳು. “ಇಷ್ಟ ಇಕ್ಕಟ್ಟ ಇರತೈತೇನು? ಮಲಗೂದ ಎಲ್ಲೆ?” ಎಂದು ನನ್ನನ್ನೇ ಕೇಳಿದಳು. ದಾಳಿ ನಡೆದು, ಉಳಿದವರು ಹಿಂದಿರುಗಿದರು. ಒಬ್ಬ ಮಾತ್ರ ಹೊರಗೆ ಮುಳ್ಳುತಂತಿಗೆ ಸಿಕ್ಕಿಕೊಂಡಿದ್ದಾನೆ, ಬದುಕಿದ್ದಾನೆ, ಕೂಗುತ್ತಿದ್ದಾನೆ. ಅವನನ್ನು ತರಲು ಯಾರೂ ಹೋಗುವಂತಿಲ್ಲ, ಹೋದವರನ್ನೂ ಹೊಡೆಯುತ್ತಾರೆ. ನಿರ್ದೇಶಕ ಅವನನ್ನು ಹತ್ತಿರದಿಂದ ತೋರಿಸುವುದೇ ಇಲ್ಲ. ಒಳಗೆ ಕೂತವರ ಮುಖ ತೋರಿಸುತ್ತಾನೆ, ಕೂಗು ಮಾತ್ರ ಕೇಳಿಸುತ್ತಾನೆ. ಒಬ್ಬ ಕಿವಿ ಮುಚ್ಚಿಕೊಳ್ಳುತ್ತಾನೆ, ಒಬ್ಬ ಸುಮ್ಮನೆ ಬೂಟು ಒರೆಸುತ್ತಾನೆ. ಹೊತ್ತು ಇಳಿದಂತೆ ಕೂಗು ಸಣ್ಣದಾಗಿ ನಿಲ್ಲುತ್ತದೆ. ಸಿನಿಮಾ ನೋಡುತ್ತಿದ್ದ ನಮ್ಮವರಲ್ಲಿ ಒಬ್ಬರೂ ಕೆಮ್ಮಲಿಲ್ಲ.

ಮುಂದಿನ ದೃಶ್ಯದಲ್ಲಿ ಅಧಿಕಾರಿ ಮೇಣದಬತ್ತಿ ಹಚ್ಚಿಕೊಂಡು ಸತ್ತವರ ಮನೆಗಳಿಗೆ ಪತ್ರ ಬರೆಯುತ್ತಾನೆ. ಅಕ್ಷರ ಮೂಡಿತು. ನಾನು ಎಂದಿನ ಹುರುಪಿನಲ್ಲಿ, ಅರ್ಥ ತಲೆಗೆ ಇಳಿಯುವ ಮೊದಲೇ, ಬಾಯಿಂದ ಹೊರಗೆ ಹಾಕಿದೆ: “ಅವನಿಗೆ ಏನೂ ನೋವಾಗಲಿಲ್ಲ. ತಿಳಿಯುವಷ್ಟರಲ್ಲಿ ಎಲ್ಲ ಮುಗಿದಿತ್ತು.” ಅಧಿಕಾರಿಯ ಪಕ್ಕ ಕೂತ ಸೈನಿಕ ಕೇಳುತ್ತಾನೆ, ತಂತಿಯ ಮೇಲಿದ್ದವನ ಮನೆಗೂ ಇದನ್ನೇ ಬರೆಯುತ್ತೀರಾ? ಅಧಿಕಾರಿ, ಎಲ್ಲರಿಗೂ ಇದನ್ನೇ, ಎನ್ನುತ್ತಾನೆ. ಅದನ್ನೂ ಓದಿದೆ. ಓದಿ ತಲೆಯೆತ್ತಿದರೆ ಅವ್ವ ಪರದೆ ಬಿಟ್ಟು ನನ್ನನ್ನು ನೋಡುತ್ತಿದ್ದಳು. ಆಮೇಲೆ ನನ್ನ ದನಿ ಏಳಲಿಲ್ಲ. ಉಳಿದ ಅರ್ಧ ಗಂಟೆ ಚಿತ್ರ ಯಾರಿಗೂ ಅರ್ಥವಾಗದೆ ಓಡಿತು.

ಮನೆಗೆ ಬಂದು ನಮ್ಮವರನ್ನು ಕೇಳಿದೆ, “ಖರೇ ಏನಾಗಿತ್ತು?” ಅವರು ಬಾಗಿಲ ಕಡೆ ನೋಡುತ್ತಾ, “ಆಕಿ ನಿನ್ನ ಮಾತು ನಂಬತಾಳ. ಅದಕ್ಕ ನಿನ್ನ ಕಡೆಯಿಂದ ಓದಸಿದೆ” ಎಂದರು. ಹಾಗಾದರೆ ಗೊತ್ತಿದ್ದೇ ಮಾಡಿದ್ದು. ನನಗೆ ನಿಜ ಹೇಳಿದ್ದರೆ ನಾನೂ ಜೊತೆಗೆ ಹೊರುತ್ತಿದ್ದೆ, ಬೇಕಾದರೆ ಸುಳ್ಳನ್ನೂ ಹೇಳುತ್ತಿದ್ದೆ, ಆದರೆ ನನ್ನ ಸುಳ್ಳು ಎಂದು ಗೊತ್ತಿದ್ದು ಹೇಳುತ್ತಿದ್ದೆ. ಇವರು ತಮ್ಮ ಸುಳ್ಳಿಗೆ ನನ್ನ ಪ್ರಾಮಾಣಿಕತೆಯನ್ನೇ ಲಕೋಟೆ ಮಾಡಿಕೊಂಡರು. ನಂಬಿಸಿ ಕುತ್ತಿಗೆ ಕೊಯ್ಯುವುದು ಎಂಬ ಮಾತನ್ನು ಮಕ್ಕಳಿಗೆ ವಾಕ್ಯದಲ್ಲಿ ಪ್ರಯೋಗಿಸಲು ಕೊಡುತ್ತಿದ್ದೆ. ಅರ್ಥ ಆ ದಿನ ತಿಳಿಯಿತು. ಮೂವತ್ತೆಂಟು ವರ್ಷದ ಸಂಸಾರದಲ್ಲಿ ಅಷ್ಟು ಸಿಟ್ಟು ಎಂದೂ ಬಂದಿರಲಿಲ್ಲ. ಅವರಿಗೆ ಹೇಳಬಾರದ್ದನ್ನೆಲ್ಲ ಹೇಳಿದೆ.

ಮರುದಿನ ಬೆಳಿಗ್ಗೆ ಅವ್ವ ಬಂದಳು. ನನ್ನ ಕಡೆ ನೋಡದೆ, ನಮ್ಮವರ ಎದುರು ನೆಲದ ಮೇಲೆ ಕೂತಳು.

“ಎಷ್ಟೊತ್ತು?” ಎಂದಳು.

ನಮ್ಮವರು ಕುರ್ಚಿ ಬಿಟ್ಟು ನೆಲಕ್ಕೆ ಇಳಿದು ಕೂತರು. ಆಮೇಲೆ, “ಮಧ್ಯಾಹ್ನದಿಂದ ಕತ್ತಲಾಗೂತನ” ಎಂದರು. “ಮೂರು ಸಲ ಹೋಗಾಕ ನೋಡಿದ್ವಿ ಅವ್ವ. ಆಗಲಿಲ್ಲ.”

“ಕೂಗತಿದ್ನೇನು?”

“ಹೂಂ.”

“ಯಾರನ್ನ?”

ನಮ್ಮವರು ಕೈಯೆತ್ತಿ ಅವಳ ಕಡೆಗೇ ತೋರಿಸಿದರು. ಅವರು ಅಳುವುದನ್ನು ನಾನು ಮೊದಲ ಸಲ ನೋಡಿದೆ. ಹಿಂದಿನ ದಿನ ಅಷ್ಟೆಲ್ಲ ಅಂದವಳಿಗೆ ಹತ್ತಿರ ಹೋಗಿ ಕೂರಬೇಕು ಎನ್ನಿಸಿದರೂ ನಿಂತಲ್ಲೇ ನಿಂತಿದ್ದೆ.

ಅವ್ವ ಅಳಲಿಲ್ಲ. ಸೆರಗು ಸರಿಮಾಡಿಕೊಂಡು ನಿಧಾನವಾಗಿ ಎದ್ದಳು. ಇಬ್ಬರನ್ನೂ ಒಮ್ಮೆ ನೋಡಿದಳು.

“ಅಂವ ಕರದಿದ್ದು ನನ್ನ,” ಎಂದಳು. “ಹದಿನೇಳು ವರ್ಷ ಅದನ್ನ ನನಗ ಮುಟ್ಟಸಲಿಲ್ಲ ನೀವು.”