ಸೇಫೊ ಮಾವನ ನಿಧಾನದ ಊಟ

ನಮ್ಮ ಸಮೋವಾ ಹಳ್ಳಿಯ ಹಿರಿಯ ಸೇಫೊ ಮಾವ ಮೊದಲೆಲ್ಲ ಬುಟ್ಟಿ ತುಂಬ ಕೆಸುವಿನ ಗೆಡ್ಡೆಯನ್ನು ಉಸಿರುಬಿಡದೆ ಮುಗಿಸುತ್ತಿದ್ದರು. ಮೈ ಇಳಿಸಲೇಬೇಕೆಂದು ನರ್ಸು ಗದರಿದ ಮೇಲೆ, ತುತ್ತಿಗೊಮ್ಮೆ ಹೊಟ್ಟೆಯ ಮಾತಿಗೆ ಕಿವಿಗೊಟ್ಟವರಂತೆ ಕೂರುತ್ತಾರೆ. "ಕರುಳಿನ ರಸ ರಕ್ತಕ್ಕೆ ಸೇರಿ ಮಿದುಳಿಗೆ ‘ಸಾಕು’ ಅನ್ನಬೇಕಂತೆ. ಇರಮ್ಮ, ಇನ್ನೂ ಅಂದಿಲ್ಲ." ಹಿರಿಯರ ಊಟವಾಗದೆ ಸೊಸೆಯರು ಉಣ್ಣುವಂತಿಲ್ಲ; ಅವರ ಸೊಸೆ, ಎಳೆಕೂಸಿನ ತಾಯಿ ಮಸೀನಾ, ಬೀಸಣಿಗೆಯಿಂದ ನೊಣ ಓಡಿಸುತ್ತ ಕಾಯುತ್ತಿದ್ದಳು. "ನಿಮ್ಮ ಸುದ್ದಿ ದೋಣೀಲಿ ಬರ್ತಿದ್ಯಾ, ಮಾವ?" "‘ಬೇಕು’ ವಿಮಾನದಲ್ಲಿ ಬರುತ್ತೆ, ‘ಸಾಕು’ ದೋಣೀಲೇ ಬರೋದು ಕಣಮ್ಮ!" ಒಂದು ಭಾನುವಾರ ಹಾಗೆ ನಗುತ್ತಿದ್ದವರು, ಅವಳ ಕಣ್ಣು ಗೆಡ್ಡೆಯ ಬುಟ್ಟಿಯ ಮೇಲೇ ನೆಟ್ಟಿರುವುದನ್ನು ಕಂಡು ಕೈಯ ತುತ್ತನ್ನು ಕೆಳಗಿಟ್ಟರು. ಚಾಪೆಯಲ್ಲಿ ಸರಿದು ಜಾಗಮಾಡಿ, "ಹಾಲೂಡಿಸೋಳನ್ನ ಕಾಯಿಸಿಬಿಟ್ನಲ್ಲ! ಕೂತ್ಕೊ, ಜೊತೇಲೇ ಉಣ್ಣು," ಎಂದರು. ಈಗ ಅವಳ ತಟ್ಟೆ ಬರದೆ ಅವರು ಮೊದಲ ತುತ್ತನ್ನೇ ಎತ್ತುವುದಿಲ್ಲ.