ಸಾವಿನ ಮನೆಯ ಎರಡು ಗುಂಡು

ಕೋವಿಡ್ ಕಳೆದು ಕೋರ್ಟುಗಳು ಮತ್ತೆ ತುಂಬಿಕೊಂಡ ವರ್ಷ ಅದು. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯೇ ಇನ್ನೂ ಜಾರಿಯಲ್ಲಿತ್ತು. ನಾನು ವಿರಾಜಪೇಟೆಯಲ್ಲಿ ಕ್ರಿಮಿನಲ್ ಸೈಡ್ ವಕೀಲೆ. ಇನ್ನು ಸಾಕು, ರಿಟೈರ್ ಆಗೋಣ ಎಂದು ಮನಸ್ಸು ಮಾಡಿದ್ದ ವಾರವೇ ಶ್ರೀಮಂಗಲದ ಕಾವೇರಮ್ಮ ನನ್ನ ಆಫೀಸಿಗೆ ಬಂದಳು. ಬಲಗೈ ಪ್ಲಾಸ್ಟರಿನಲ್ಲಿತ್ತು. ಗಂಡ ಬೋಪಣ್ಣ ಕೊಲೆ ಆರೋಪದ ಮೇಲೆ ಜೈಲು ಸೇರಿದ್ದ.

ಸತ್ತವನು ಪಕ್ಕದ ಎಸ್ಟೇಟಿನ ಬೆಳ್ಯಪ್ಪ. ಮೆಣಸಿನ ಬಳ್ಳಿ ನೋಡಲು ಹೋದವನನ್ನು ಯಾರೋ ಹಿಂದಿನಿಂದ ಹೊಡೆದಿದ್ದರು. ಬೆನ್ನಿನಲ್ಲಿ ಎರಡು ಗುಂಡೇಟು, ತೋಟೆಯೊಳಗಿನ ಸೀಸದ ಚರೆಗಳು ಶ್ವಾಸಕೋಶದವರೆಗೂ ಹೊಕ್ಕಿದ್ದವು. ಅವನಿಗೂ ಬೋಪಣ್ಣನಿಗೂ ಬೇಲಿಯ ಜಗಳ ಇದ್ದದ್ದು ಊರಿಗೆಲ್ಲ ಗೊತ್ತು. ಬಯಲುಸೀಮೆಯಿಂದ ಹೊಸದಾಗಿ ವರ್ಗವಾಗಿ ಬಂದಿದ್ದ ಸಬ್ ಇನ್ಸ್‌ಪೆಕ್ಟರ್ ಮರುದಿನ ಬೆಳಿಗ್ಗೆಯೇ ಜೀಪಿನಲ್ಲಿ ಬೋಪಣ್ಣನ ಮನೆಗೆ ಬಂದರು. ಎರಡು ಪ್ರಶ್ನೆ ಕೇಳಿ ಹೋಗುತ್ತೇವೆ ಎಂದರಂತೆ. ಕಾವೇರಮ್ಮ ಕಾಫಿ ಇಟ್ಟಳು.

ಅಷ್ಟರವರೆಗೆ ತಪ್ಪೇನೂ ಇಲ್ಲ. ಪೊಲೀಸರು ಯಾರ ಮನೆಯ ಜಗಲಿಯಲ್ಲಾದರೂ ಕೂತು ಪ್ರಶ್ನೆ ಕೇಳಬಹುದು. ಜಗಳದ ಬಗ್ಗೆ ಕೇಳಿದರು, ಬೋಪಣ್ಣ ಮುಚ್ಚಿಡದೆ ಹೇಳಿದ. ಮನೆಯಲ್ಲಿ ಕೋವಿ ಇದೆಯೇ ಎಂದಾಗ ಇದೆ ಎಂದ. ನಮ್ಮ ಜಿಲ್ಲೆಯಲ್ಲಿ ಕೊಡವರಿಗೆ ಕೋವಿ ಲೈಸೆನ್ಸಿನಿಂದ ವಿನಾಯಿತಿ ಉಂಟು. ಅದರಲ್ಲಿ ಮುಚ್ಚಿಡುವಂಥದ್ದೇನೂ ಇರಲಿಲ್ಲ. ಸಬ್ ಇನ್ಸ್‌ಪೆಕ್ಟರ್ ಕೂಡಲೇ ಎದ್ದು ಒಳಗೆ ಹೊರಟರು.

"ನಾನೇ ತಂದು ಕೊಡ್ತೇನೆ ಸಾರ್. ಒಳಗೆ ಅಪ್ಪನ ದೀಪ ಉಂಟು, ಬೂಟು ಹಾಕಿ ಬರ್ಬೇಡಿ."

"ನನಗೇ ಬೂಟಿನ ಪಾಠ ಹೇಳ್ತೀಯೇನೋ?"

ಅಡ್ಡ ನಿಂತ ಕಾವೇರಮ್ಮನನ್ನು ಒಬ್ಬ ಕಾನ್‌ಸ್ಟೇಬಲ್ ತಳ್ಳಿದ. ಹೊಸ್ತಿಲಿನ ಮೇಲೆ ಬಿದ್ದವಳ ಮಣಿಕಟ್ಟು ಮುರಿದ ಸದ್ದು ಜಗಲಿಯವರೆಗೂ ಕೇಳಿತಂತೆ. ಬಿಡಿಸಲು ಹೋದ ಬೋಪಣ್ಣನ ಹೆಗಲಿಗೆ ಲಾಠಿ ಬಿತ್ತು. ಬೀರು ಕೆಡವಿದರು, ಅಕ್ಕಿಯ ಡಬ್ಬ ಸುರಿದರು, ದೀಪ ಉರುಳಿತು. ಕೋವಿ ಸಿಕ್ಕಿತು. ಅದರ ಹತ್ತಿರವೇ ಎರಡು ಖಾಲಿ ತೋಟೆಗಳು. ಸಬ್ ಇನ್ಸ್‌ಪೆಕ್ಟರ್ ನಳಿಗೆಯನ್ನು ಮೂಸಿ ನೋಡಿ, ಇದನ್ನು ಮೊನ್ನೆ ಮೊನ್ನೆ ಹಾರಿಸಿದ್ದೀಯಲ್ಲ ಎಂದು ಕೇಳಿದರು.

"ಹೌದು ಸಾರ್, ಹಾರಿಸಿದ್ದೇನೆ..."

ಮಾತು ಮುಗಿಯಲಿಲ್ಲ. ಕೋವಿಯ ಹಿಡಿ ಅವನ ದವಡೆಗೆ ಬಿತ್ತು. ಎರಡು ಹಲ್ಲು ಅಪ್ಪನ ದೀಪದ ಎಣ್ಣೆಯಲ್ಲಿ ಬಿದ್ದಿದ್ದವು ಎಂದು ಹೇಳುವಾಗ ಮಾತ್ರ ಕಾವೇರಮ್ಮ ನನ್ನೆದುರು ಅತ್ತಳು. ಆಮೇಲೆ ಅವನನ್ನು ಕೆಡವಿ, ಬೆರಳು ಹಿಡಿದೊತ್ತಿ ಮೊಬೈಲ್ ಅನ್‌ಲಾಕ್ ಮಾಡಿಸಿ, ಅದನ್ನೂ ತೆಗೆದುಕೊಂಡು ಹೋದರು.

ಜನರಲ್ ರೀಡರ್ಸ್‌ಗೆ ಇಲ್ಲಿ ಒಂದು ಮಾತು ಹೇಳಬೇಕು. ವಾರಂಟ್ ಇಲ್ಲದೆ ಮನೆ ಶೋಧಿಸುವ ಅಧಿಕಾರ ಪೊಲೀಸರಿಗೆ ಇಲ್ಲವೆಂದಲ್ಲ. ಆದರೆ ಯಾಕೆ ತುರ್ತು, ಏನನ್ನು ಹುಡುಕುತ್ತೇವೆ ಎಂದು ಮೊದಲೇ ಬರೆದಿಡಬೇಕು. ಆಸುಪಾಸಿನ ಇಬ್ಬರು ಗೌರವಸ್ಥರನ್ನು ಪಂಚರೆಂದು ಸಾಕ್ಷಿಗೆ ಕರೆಯಬೇಕು. ಇಲ್ಲಿ ಅದ್ಯಾವುದೂ ನಡೆದಿರಲಿಲ್ಲ. ಪಂಚರೆಂದು ಸಹಿ ಹಾಕಿದವರು ಠಾಣೆಯ ಎದುರಿನ ಇಬ್ಬರು ಜೀಪ್ ಡ್ರೈವರ್‌ಗಳು. ಆದರೆ ನಮ್ಮ ದೇಶದಲ್ಲಿ ಶೋಧನೆ ಅಕ್ರಮವಾದ ಮಾತ್ರಕ್ಕೆ ಸಿಕ್ಕಿದ ಸಾಕ್ಷ್ಯವನ್ನು ಕೋರ್ಟು ಎಸೆಯುವುದಿಲ್ಲ; ಹೆಚ್ಚು ಎಚ್ಚರದಿಂದ ನೋಡುತ್ತದೆ, ಅಷ್ಟೆ. ಚರೆಯ ಕೋವಿಯಲ್ಲಿ ಯಾವ ನಳಿಗೆಯಿಂದ ಯಾವ ಚರೆ ಬಂತೆಂದು ಲ್ಯಾಬ್ ಹೇಳಲಾರದು. ಆದರೂ ಎರಡು ಗಾಯ, ಎರಡು ಖಾಲಿ ತೋಟೆ, ಬೇಲಿಯ ಜಗಳ, ಮೇಲಿಂದ "ಹೌದು" ಎಂಬ ಮಾತು. ಬೋಪಣ್ಣನಿಗೆ ಲೈಫ್ ಸೆಂಟೆನ್ಸ್ ಖಚಿತ ಎಂದು ನನ್ನ ಜೂನಿಯರೇ ಹೇಳಿದ.

ಜೈಲಿನಲ್ಲಿ ನಾನು ಬೋಪಣ್ಣನನ್ನು ಕೇಳಿದ್ದು, ಅಂದು ನಿಂತುಹೋದ ಮಾತು ಯಾವುದು ಎಂದು. ಊದಿದ ಬಾಯಲ್ಲಿ ಅವನು ಅದನ್ನು ಪೂರ್ತಿ ಮಾಡಿದ.

"ಅಪ್ಪ ತೀರಿ ಹೋದಾಗ ಹಾರಿಸಿದ್ದು ಆಂಟಿ. ಮತ್ತೆ ಯಾವಾಗ?"

ಕೊಡವರ ಮನೆಯಲ್ಲಿ ಸಾವಾದರೆ ಆಕಾಶಕ್ಕೆ ಎರಡು ಗುಂಡು ಹಾರಿಸುತ್ತಾರೆ. ಆ ಸದ್ದು ಕೇಳಿಯೇ ಊರವರು ಕೈಯಲ್ಲಿದ್ದ ಕೆಲಸ ಬಿಟ್ಟು ಬರುವುದು. ಬೆಳ್ಯಪ್ಪ ಸಾಯುವ ಕೆಲವೇ ದಿನ ಮೊದಲು ಬೋಪಣ್ಣನ ಅಪ್ಪ ಹೋಗಿದ್ದರು. ಕರ್ಮ ಮುಗಿಯುವವರೆಗೆ ಆ ಮನೆಯಲ್ಲಿ ಕೋವಿ ಒರೆಸುವುದಿಲ್ಲ.

ಆದರೆ ನೆಂಟರು ಹೇಳಿದರೆ ಯಾರು ನಂಬುತ್ತಾರೆ? ಪ್ರಾಸಿಕ್ಯೂಟರ್ ಅವರನ್ನೆಲ್ಲ ಒಂದೇ ಬೀಸಿನಲ್ಲಿ ಗುಡಿಸಿಹಾಕುತ್ತಾರೆ. ಉಳಿದಿದ್ದು ಹೆಡ್ ಕಾನ್‌ಸ್ಟೇಬಲ್ ಪೂವಯ್ಯ. ಶೋಧನೆಯ ತಂಡದಲ್ಲಿದ್ದ ಪೊಲೀಸ್ ಸಾಕ್ಷಿ ಅವರು, ಅದೇ ನಾಡಿನವರು. ಸಾವಿನ ದಿನ ಅವರು ಬಂದಿದ್ದರೆಂದು ಕಾವೇರಮ್ಮ ಹೇಳಿದ್ದಳು.

ವಿಚಾರಣೆಯಲ್ಲಿ ಮೊದಲು ಸಬ್ ಇನ್ಸ್‌ಪೆಕ್ಟರ್ ಕಟಕಟೆಗೆ ಬಂದರು. ಹೌದು ಎಂದ ಮೇಲೆ ಯಾವಾಗ, ಯಾಕೆ ಎಂದು ಕೇಳಿದಿರಾ ಎಂದೆ. ಅಗತ್ಯ ಬೀಳಲಿಲ್ಲ ಎಂದರು. ಆಮೇಲೆ ಪೂವಯ್ಯ. ಬೋಪಣ್ಣನ ಅಪ್ಪನ ಸಾವಿಗೆ ಹೋಗಿದ್ದಿರಾ ಎಂದಾಗ ಅವರು ಹಿಂದಿನ ಬೆಂಚಿನಲ್ಲಿ ಕೂತ ಮೇಲಧಿಕಾರಿಯನ್ನೊಮ್ಮೆ ನೋಡಿದರು. ಪೆನ್ಷನ್ನಿಗೆ ಹತ್ತಿರವಾದ ಮನುಷ್ಯ.

"ಹೋಗಿದ್ದೆ ಮೇಡಂ. ಎರಡು ಗುಂಡು ನನ್ನೆದುರಿಗೇ ಹಾರ್ಸಿದ್ದು. ಇದೇ ಕೋವಿ."

ಶೋಧನೆಯ ದಿನ ಅದನ್ನು ಯಾಕೆ ಹೇಳಲಿಲ್ಲ ಎಂದು ಜಡ್ಜೇ ಕೇಳಿದರು.

"ಹೇಳ್ಲಿಕ್ಕೆ ಬಾಯಿ ತೆಗ್ದೆ ಸ್ವಾಮಿ. ಅಷ್ಟರಲ್ಲಿ ಹೊಡ್ತ ಶುರುವಾಗಿತ್ತು."

ಬೋಪಣ್ಣ ಬಿಡುಗಡೆಯಾದ. ಪೂವಯ್ಯನಿಗೆ ದೂರದ ಗಡಿಯ ಕರಿಕೆಗೆ ಟ್ರಾನ್ಸ್‌ಫರ್ ಆಯಿತು. ಕೇಸಿಗೂ ಅದಕ್ಕೂ ಸಂಬಂಧವಿಲ್ಲವೆಂದು ಇಲಾಖೆ ಹೇಳಿತು. ಕಾವೇರಮ್ಮನ ಮಣಿಕಟ್ಟು ಇಂದಿಗೂ ಪೂರ್ತಿ ತಿರುಗುವುದಿಲ್ಲ.

ತೀರ್ಪಿನ ದಿನ ಕೋರ್ಟಿನ ಮೆಟ್ಟಿಲಿಳಿಯುವಾಗ ಒಬ್ಬ ಹೆಂಗಸು ನನ್ನನ್ನು ತಡೆದಳು. ಬೆಳ್ಯಪ್ಪನ ಹೆಂಡತಿ ಸೀತಮ್ಮ. ಬೈಯುತ್ತಾಳೆ ಅಂದುಕೊಂಡೆ. ಬೈಯಲಿಲ್ಲ.

"ಬೋಪಣ್ಣ ಅಲ್ಲ ಅಂತ ನಂಗೂ ಗೊತ್ತಾಯ್ತು. ಮತ್ತೆ ನನ್ನ ಗಂಡನ್ನ ಹೊಡ್ದದ್ದು ಯಾರು ಮೇಡಂ?"

ತೋಟದಲ್ಲಿ ಹೆಜ್ಜೆ ಗುರುತು ಇನ್ನೂ ಹಸಿಯಾಗಿದ್ದ ಆ ಬೆಳಿಗ್ಗೆಯನ್ನು ಪೊಲೀಸರು ಒಂದು ಮನೆಯನ್ನು ಬುಡಮೇಲು ಮಾಡುವುದಕ್ಕೆ ಕಳೆದುಬಿಟ್ಟಿದ್ದರು. ಆಮೇಲೆ ಮಳೆ ಹೊಡೆಯಿತು. ಕೊಂದವನು ಇಂದಿಗೂ ಸಿಕ್ಕಿಲ್ಲ.

ಕಾನ್ವೆಂಟಿನಲ್ಲಿ ನಮ್ಮ ಸಿಸ್ಟರ್ ಬಾಗಿಲು ತಟ್ಟಿ, ಒಳಗಿನವರು "ಕಮ್ ಇನ್" ಅನ್ನುವವರೆಗೆ ಕಾಯಬೇಕು ಎಂದು ಕಲಿಸಿದ್ದರು. ಅದು ಮ್ಯಾನರ್ಸ್ ಅಂದುಕೊಂಡು ಬೆಳೆದೆ. ಪ್ರಶ್ನೆ ಎಲ್ಲಿ ಮುಗಿದು ಅಕ್ರಮ ಶೋಧನೆ ಎಲ್ಲಿ ಶುರುವಾಗುತ್ತದೆ ಎಂದು ಈಗಲೂ ಎಳೆಯ ವಕೀಲರು ನನ್ನನ್ನು ಕೇಳುತ್ತಾರೆ. ಸೆಕ್ಷನ್‌ಗಳನ್ನು ಅವರು ನನಗಿಂತ ಚೆನ್ನಾಗಿ ಬಲ್ಲರು. ಉತ್ತರಕ್ಕೆ ಕಾಯುವುದನ್ನು ಬಿಟ್ಟ ಕ್ಷಣದಲ್ಲಿ ಎನ್ನುತ್ತೇನೆ. ಹಾಗೆನ್ನುವಾಗೆಲ್ಲ ಮೆಟ್ಟಿಲ ಮೇಲೆ ನಿಂತ ಸೀತಮ್ಮ ಕಣ್ಣಿಗೆ ಬರುತ್ತಾಳೆ. ಅವಳಿನ್ನೂ ಕಾಯುತ್ತಿದ್ದಾಳೆ.